ಫೈಲಿನಲ್ಲಿ ಇಲ್ಲದ ಕಷ್ಟ

(ಉಡುಪಿ ಹತ್ತಿರದ ನಮ್ಮೂರ ಶಾಲೆಯ ಹಾಲ್‌ನಲ್ಲಿ, ಹೊರದೇಶಕ್ಕೆ ಹೊರಟವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಆಮೇಲೆ ಕೂತು ಬರೆದದ್ದು. ಬರೆಯುವಾಗ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆಯಲ್ಲ. ಬ್ಯಾಂಕಿನ ಸಾಲದ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಸಾಲದ ಅರ್ಜಿಯಲ್ಲಿ ಯಾವ ಕಾಗದ ಇದೆ, ಯಾವುದು ಇಲ್ಲ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ವೀಸಾ ವಿಷಯಕ್ಕೆ ನಾನು ಬಂದದ್ದು ನನ್ನ ತಂಗಿಯ ಮಗಳಿಂದ. ಅವಳ ಕೆನಡಾ ಅರ್ಜಿ ಒಂದೇ ಒಂದು ಪೊಲೀಸ್ ಸರ್ಟಿಫಿಕೇಟ್, ಅಂದರೆ ಇದ್ದ ದೇಶದಲ್ಲಿ ನಮ್ಮ ಮೇಲೆ ಕೇಸಿದೆಯೋ ಇಲ್ಲವೋ ಎಂದು ಹೇಳುವ ಕಾಗದ, ಇಲ್ಲದ್ದಕ್ಕೆ ತಿರಸ್ಕಾರವಾಯಿತು. ಆವತ್ತಿನಿಂದ ಈ ನಿಯಮಗಳನ್ನು ಓದುತ್ತಾ ಬಂದಿದ್ದೇನೆ. ಕೇಳಿಕೊಂಡು ಬಂದವರಿಗೆ ತಿಳಿದಷ್ಟು ಹೇಳುತ್ತೇನೆ.

ಅವಳ ಕಥೆಯನ್ನೇ ಮೊದಲು ಹೇಳುತ್ತೇನೆ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಅವಳು ನರ್ಸ್. 2016ರಿಂದ 2021ರವರೆಗೆ ಕುವೈತ್‌ನಲ್ಲಿ ಕೆಲಸ ಮಾಡಿದಳು. ನಡುವೆ 2019ರಲ್ಲಿ ಆಸ್ಪತ್ರೆ ಬದಲಿಸುವಾಗ ಅಲ್ಲಿಯ ಪೊಲೀಸ್ ಸರ್ಟಿಫಿಕೇಟ್ ಒಂದನ್ನು ತೆಗೆಸಿಕೊಂಡಿದ್ದಳು. ಊರಿಗೆ ಬಂದು ಎರಡು ವರ್ಷವಾದ ಮೇಲೆ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕರೆ ಬಂತು. ವಯಸ್ಸು, ಓದು, ಭಾಷೆ, ಕೆಲಸದ ಅನುಭವಕ್ಕೆ ಅಂಕ ಕೊಟ್ಟು, ಅಂಕ ಜಾಸ್ತಿ ಇದ್ದವರನ್ನು ಅಲ್ಲಿ ನೆಲೆಸಲು ಅರ್ಜಿ ಹಾಕಿ ಎಂದು ಕರೆಯುವ ವ್ಯವಸ್ಥೆ ಅದು. ಕರೆ ಬಂದ ಮೇಲೆ ಅರ್ಜಿ ಪೂರ್ತಿ ಮಾಡಲು 60 ದಿನ ಇರುತ್ತದೆ. ಒಬ್ಬ ಏಜೆಂಟ್ ಕೈಯಲ್ಲಿ ಅರ್ಜಿ ಹಾಕಿಸಿದಳು. ಅವರು 2019ರ ಆ ಸರ್ಟಿಫಿಕೇಟನ್ನೇ ಆನ್‌ಲೈನ್ ಅರ್ಜಿಗೆ ಏರಿಸಿದರು.

ಕೆನಡಾದ ನಿಯಮ ಹೀಗಿದೆ. ಹಿಂದಿನ 10 ವರ್ಷದಲ್ಲಿ, 18 ತುಂಬಿದ ಮೇಲೆ, ಯಾವ ದೇಶದಲ್ಲಿ ಒಟ್ಟಿಗೆ ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದೀರೋ ಆ ಎಲ್ಲ ದೇಶದ ಪೊಲೀಸ್ ಸರ್ಟಿಫಿಕೇಟ್ ಬೇಕು. ಈಗ ಇರುವ ದೇಶದ್ದಾದರೆ ಅರ್ಜಿ ಹಾಕುವ ಮುಂಚಿನ ಆರು ತಿಂಗಳ ಒಳಗೆ ಕೊಟ್ಟದ್ದಾಗಿರಬೇಕು. ಬಿಟ್ಟು ಬಂದ ದೇಶದ್ದಾದರೆ, ಅಲ್ಲಿ ಕೊನೆಯ ಸಲ ವಾಸ ಮಾಡಿದ ಮೇಲೆ ಕೊಟ್ಟದ್ದಾಗಿರಬೇಕು. ಈ ಕೊನೆಯ ವಾಕ್ಯವನ್ನು ನಮ್ಮಲ್ಲಿ ಯಾರೂ ಸರಿಯಾಗಿ ಓದಿರಲಿಲ್ಲ. ಅವಳ ಸರ್ಟಿಫಿಕೇಟ್ 2019ರದ್ದು. ಅವಳು ಅಲ್ಲಿದ್ದದ್ದು 2021ರವರೆಗೆ. ನಡುವಿನ ಎರಡು ವರ್ಷದ ಬಗ್ಗೆ ಆ ಕಾಗದ ಏನೂ ಹೇಳುವುದಿಲ್ಲ, ಅಲ್ವಾ?

2024ರ ಮಾರ್ಚ್‌ನಲ್ಲಿ ಪತ್ರ ಬಂತು. ಹೊಸ ಸರ್ಟಿಫಿಕೇಟ್ ಕೊಡಿ, 30 ದಿನ ಸಮಯ. ಆಗ ಓಡಾಟ ಶುರುವಾಯಿತು. ಕುವೈತ್‌ನಲ್ಲೇ ಇದ್ದರೆ ಸುಲಭ, ಬಿಟ್ಟು ಬಂದ ಮೇಲೆ ಬಹಳ ಕಷ್ಟ. ಇಲ್ಲಿ ಬೆರಳಚ್ಚು ಕೊಡಬೇಕು. ಅದಕ್ಕೆ ಸಹಿ, ಮೊಹರು, ದೃಢೀಕರಣ ಮಾಡಿಸಬೇಕು. ಅಲ್ಲಿರುವ ಪರಿಚಿತರೊಬ್ಬರ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದು, ಅವರು ಅಲ್ಲಿ ಹೋಗಿ ಅರ್ಜಿ ಕೊಡಬೇಕು. ಹೊರಡುವಾಗ ಸಿವಿಲ್ ಐಡಿ, ಅಂದರೆ ಅಲ್ಲಿಯ ಗುರುತಿನ ಚೀಟಿ, ರದ್ದಾಗಿತ್ತು. ಅವಳ ಹತ್ತಿರ ಉಳಿದದ್ದು ಅದರ ಒಂದು ಮಸುಕಾದ ಜೆರಾಕ್ಸ್ ಪ್ರತಿ.

ಬೆರಳಚ್ಚು ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಕಪ್ಪು ಶಾಯಿ ಹಚ್ಚಿದ ಗಾಜಿನ ಮೇಲೆ ಒಂದೊಂದೇ ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿಗೆ ಹೊರಳಿಸಿ, ಆಮೇಲೆ ಕಾರ್ಡಿನ ಮೇಲೆ ಒತ್ತುತ್ತಾರೆ. ಹತ್ತು ಬೆರಳಿಗೆ ಹತ್ತು ಚೌಕ. ಅವಳ ಹೆಬ್ಬೆರಳು ಒತ್ತಿದರೆ ಗೆರೆಯೇ ಮೂಡಲಿಲ್ಲ, ಬರೀ ಒಂದು ಕಪ್ಪು ಕಲೆ. ಅಲ್ಲಿದ್ದ ಪೊಲೀಸ್ ಸಿಬ್ಬಂದಿ ಅವಳ ಕೈ ತಿರುಗಿಸಿ ನೋಡಿ ಕೇಳಿದರು, "ಏನಮ್ಮಾ, ಆಸ್ಪತ್ರೆ ಕೆಲಸವಾ?" ದಿನಕ್ಕೆ ಐವತ್ತು ಅರುವತ್ತು ಸಲ ಕೈ ತೊಳೆದು, ಸ್ಯಾನಿಟೈಜರ್ ಹಚ್ಚಿ, ಗ್ಲೌಸ್ ಹಾಕಿ ತೆಗೆದು ಅವಳ ಬೆರಳ ತುದಿ ಸವೆದು ಹೋಗಿತ್ತು. ಬಿಸಿನೀರಲ್ಲಿ ಕೈ ಅದ್ದಿಸಿ, ಒರೆಸಿ ಮತ್ತೆ ತೆಗೆದರು. ಪಾಪ, ಅವರು ಬಹಳ ತಾಳ್ಮೆಯಿಂದ ಮಾಡಿದರು. ಆದರೂ ಆ ಕಾರ್ಡ್ ಕುವೈತ್‌ಗೆ ಹೋಗಿ, ಗೆರೆ ಸ್ಪಷ್ಟ ಇಲ್ಲ ಎಂದು ವಾಪಸ್ ಬಂತು. ಎರಡನೇ ಸಲ ತೆಗೆಸಿ ಕಳಿಸುವಷ್ಟರಲ್ಲಿ 30 ದಿನ ಮುಗಿದಿತ್ತು.

ಗಡುವಿನ ಕೊನೆಯ ದಿನ ಏಜೆಂಟ್ ಅದೇ 2019ರ ಸರ್ಟಿಫಿಕೇಟನ್ನು ಇನ್ನೊಮ್ಮೆ ಏರಿಸಿದರು. "ಸುಮ್ನೆ ಖಾಲಿ ಬಿಡೋದು ಬೇಡ, ಏನಾದ್ರೂ ಇರಲಿ" ಅಂದರು. ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ. ಮೇ ತಿಂಗಳಲ್ಲಿ ತಿರಸ್ಕಾರದ ಪತ್ರ ಬಂತು. ಅದು ಬಂದು 19ನೇ ದಿನಕ್ಕೆ ಕುವೈತ್‌ನಿಂದ ಹೊಸ ಸರ್ಟಿಫಿಕೇಟ್ ಬಂತು. ಪೂರ್ತಿ ಸ್ವಚ್ಛ. ಅವಳ ಮೇಲೆ ಒಂದು ಕೇಸೂ ಇಲ್ಲ.

"ದೊಡ್ಡಮ್ಮಾ, ಈಗ ಕಾಗದ ಇದೆಯಲ್ಲ, ಅಪೀಲು ಹಾಕೋಣ" ಅಂದಳು. ನನಗೂ ಹಾಗೇ ಅನ್ನಿಸಿತು. ಕಾಗದ ಇರಲಿಲ್ಲ, ಈಗ ಇದೆ. ತೋರಿಸಿದರೆ ಆಯಿತಲ್ಲ? ಟೊರೊಂಟೊದ ವಕೀಲರೊಬ್ಬರ ಹತ್ತಿರ ವಿಡಿಯೊ ಕಾಲ್‌ನಲ್ಲಿ ಮಾತಾಡಿದೆವು. ಅವರು ಎಲ್ಲ ಕೇಳಿಸಿಕೊಂಡರು. ಬೆರಳಿನ ವಿಷಯವನ್ನಂತೂ ಎರಡು ಸಲ ಕೇಳಿದರು. ಆಮೇಲೆ ಹೇಳಿದರು, "ನಿಮ್ಮ ಕಷ್ಟ ನಿಜ. ಆದರೆ ಅದು ಫೈಲಿನಲ್ಲಿ ಇಲ್ಲ."

ಇವತ್ತು ನಾನು ಮಾತಾಡಲು ಒಪ್ಪಿದ್ದೇ ಈ ಒಂದು ವಾಕ್ಯಕ್ಕಾಗಿ.

ನಾವು ಅಪೀಲು ಎಂಬ ಒಂದೇ ಶಬ್ದವನ್ನು ಎಲ್ಲದಕ್ಕೂ ಬಳಸುತ್ತೇವೆ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಬಾಗಿಲುಗಳಿವೆ. ಒಂದು ಬಾಗಿಲಲ್ಲಿ ಕೂತವರು ಹೊಸ ಕಾಗದ ನೋಡುತ್ತಾರೆ. ಇನ್ನೊಂದರಲ್ಲಿ ಕೂತವರು ಹೊಸ ಕಾಗದ ಮುಟ್ಟುವುದಿಲ್ಲ. ಆವತ್ತು ಅಧಿಕಾರಿಯ ಮೇಜಿನ ಮೇಲೆ ಏನಿತ್ತೋ ಅದನ್ನಷ್ಟೇ ನೋಡಿ, ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳುತ್ತಾರೆ. ನಿಮ್ಮದು ಯಾವ ಬಾಗಿಲು ಎಂದು ತಿಳಿಯದೆ ದುಡ್ಡು ಕಟ್ಟಬೇಡಿ.

ಕೆನಡಾ ಒಂದರಲ್ಲೇ ಈ ಎರಡೂ ಇವೆ. ಗಂಡ ಅಥವಾ ಹೆಂಡತಿ ಅಲ್ಲಿ ಪಿಆರ್ (ಕಾಯಂ ನೆಲೆಸುವ ಅನುಮತಿ ಇರುವವರು) ಅಥವಾ ಸಿಟಿಜನ್ ಆಗಿದ್ದು ಇಲ್ಲಿರುವವರನ್ನು ಸ್ಪಾನ್ಸರ್ ಮಾಡಿರುತ್ತಾರೆ. ಅಂಥ ಅರ್ಜಿ ತಿರಸ್ಕಾರವಾದರೆ ಸ್ಪಾನ್ಸರ್ ಮಾಡಿದವರು ಇಮಿಗ್ರೇಶನ್ ಅಪೀಲ್ ಡಿವಿಜನ್‌ಗೆ ಹೋಗಬಹುದು. 30 ದಿನದ ಒಳಗೆ ಹಾಕಬೇಕು. ಅಪೀಲಿಗೆ ಫೀ ಇಲ್ಲ. ಇಲ್ಲಿ ಹೊಸ ಸಾಕ್ಷ್ಯ ಕೊಡಬಹುದು. ತಿರಸ್ಕಾರವಾದ ಮೇಲೆ ಸಿಕ್ಕ ಪೊಲೀಸ್ ಸರ್ಟಿಫಿಕೇಟನ್ನೂ ಮುಂದಿಡಬಹುದು. ಯಾಕೆ ತಡವಾಯಿತು ಎಂದು ಬಾಯಿಬಿಟ್ಟು ಹೇಳಬಹುದು. ಒಂದು ಕಾಗದದ ಕೊರತೆ ಅಷ್ಟೇ ಆಗಿದ್ದರೆ ಪೂರ್ತಿ ವಿಚಾರಣೆಗೆ ಹೋಗದೆ ಮಾತುಕತೆಯಲ್ಲೇ ಮುಗಿಯುವುದೂ ಉಂಟು.

ನಮ್ಮ ಹುಡುಗಿಯದ್ದು ಕೆಲಸದ ಅನುಭವದ ಮೇಲೆ ಹಾಕಿದ ಅರ್ಜಿ. ಅಂಥವರಿಗೆ ಆ ಬಾಗಿಲು ಇಲ್ಲ. ಅವರಿಗಿರುವುದು ಫೆಡರಲ್ ಕೋರ್ಟ್. ಕೆನಡಾದ ಹೊರಗಿದ್ದರೆ 60 ದಿನ, ಒಳಗಿದ್ದರೆ 15 ದಿನ. ಕೋರ್ಟಿಗೆ ಕಟ್ಟುವ ಫೀ 50 ಡಾಲರ್ ಮಾತ್ರ. ವಕೀಲರ ಫೀ ಸಾವಿರಗಟ್ಟಲೆ. ಮೊದಲು ನ್ಯಾಯಾಧೀಶರು ಬರೀ ಕಾಗದ ಓದಿ ಕೇಸು ತೆಗೆದುಕೊಳ್ಳಬೇಕೋ ಬೇಡವೋ ಎಂದು ನೋಡುತ್ತಾರೆ. ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ತೆಗೆದುಕೊಂಡರೂ ಅವರು ನೋಡುವುದು ಎರಡೇ ವಿಷಯ. ಅಧಿಕಾರಿ ನ್ಯಾಯವಾಗಿ ನಡೆದುಕೊಂಡರಾ? ಅವರ ಮುಂದೆ ಇದ್ದ ಕಾಗದಕ್ಕೆ ಅವರ ತೀರ್ಮಾನ ಹೊಂದುತ್ತದಾ? ಗೆದ್ದರೂ ಕೋರ್ಟ್ ವೀಸಾ ಕೊಡುವುದಿಲ್ಲ. ಫೈಲು ಇನ್ನೊಬ್ಬ ಅಧಿಕಾರಿಯ ಹತ್ತಿರ ಹೋಗುತ್ತದೆ, ಅಷ್ಟೇ.

ಹಾಗಾದರೆ ಕೋರ್ಟಿಗೆ ಹೋಗಿ ಪ್ರಯೋಜನವೇ ಇಲ್ಲವಾ? ಇದೆ. ನೀವು ಸರ್ಟಿಫಿಕೇಟ್ ಏರಿಸಿದ್ದೀರಿ, ಅಧಿಕಾರಿ ನೋಡದೆ ಇಲ್ಲ ಎಂದು ಬರೆದಿದ್ದಾರೆ. ಅಥವಾ ಗಡುವಿನ ಒಳಗೆ ನೀವು ರಸೀದಿ ಸಮೇತ ಪತ್ರ ಬರೆದು ಸಮಯ ಕೇಳಿದ್ದೀರಿ, ಅದಕ್ಕೆ ಉತ್ತರವೇ ಕೊಡದೆ ತಿರಸ್ಕರಿಸಿದ್ದಾರೆ. ಅಥವಾ ಕಾಗದ ಕೇಳಿದ ಇಮೇಲ್ ನೀವು ಕೊಟ್ಟ ವಿಳಾಸಕ್ಕೆ ಬರದೆ ಬೇರೆಲ್ಲೋ ಹೋಗಿದೆ. ಇಂಥ ಕೇಸುಗಳಲ್ಲಿ ಹೇಳಲು ನಿಮ್ಮ ಹತ್ತಿರ ಗಟ್ಟಿ ಮಾತಿದೆ. ಕೆಲವು ಸಲ ಸರ್ಕಾರದ ವಕೀಲರೇ ಫೈಲನ್ನು ಮತ್ತೆ ನೋಡಿಸುತ್ತೇವೆ ಎಂದು ಒಪ್ಪುತ್ತಾರೆ. ಆದರೆ ಇಮೇಲ್ ಸರಿಯಾದ ವಿಳಾಸಕ್ಕೆ ಬಂದು ಸ್ಪ್ಯಾಮ್‌ನಲ್ಲಿ ಕೂತಿದ್ದರೆ ಅದು ನಿಮ್ಮ ತಲೆಮೇಲೆ. ಏಜೆಂಟರ ಇಮೇಲ್ ಕೊಟ್ಟಿದ್ದು, ಅವರು ನೋಡದಿದ್ದರೂ ಅಷ್ಟೇ. ದಯವಿಟ್ಟು ಅರ್ಜಿಯ ಪಾಸ್‌ವರ್ಡ್ ನಿಮ್ಮ ಕೈಯಲ್ಲೂ ಇರಲಿ.

ನಮ್ಮ ಫೈಲಿನಲ್ಲಿ ಏನಿತ್ತು? ಹಳೇ ಸರ್ಟಿಫಿಕೇಟ್, ಎರಡು ಸಲ. ಶಾಯಿ ಹಚ್ಚಿದ ಕಾರ್ಡ್ ಇರಲಿಲ್ಲ. ಕೊರಿಯರ್ ರಸೀದಿ ಇರಲಿಲ್ಲ. ಕಾರ್ಡ್ ಸ್ಪಷ್ಟ ಇಲ್ಲ ಎಂದು ಬಂದ ಮೆಸೇಜ್ ಇರಲಿಲ್ಲ. ಎಲ್ಲವೂ ಅವಳ ಫೋನಿನಲ್ಲಿ, ನನ್ನ ಕೈಚೀಲದಲ್ಲಿ ಇದ್ದವು. ಆ ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳಲೇಬೇಕು.

ಕೋರ್ಟಿಗೆ ಹೋಗದೆ, ಹೊಸ ಸರ್ಟಿಫಿಕೇಟ್ ಇಟ್ಟು ಮರುಪರಿಶೀಲನೆಗೆ ಕೇಳಿಕೊಂಡೆವು. ಅದು ಹಕ್ಕಲ್ಲ, ಬರೀ ಕೋರಿಕೆ. ಅಧಿಕಾರಿ ಮನಸ್ಸು ಮಾಡಿದರೆ ಫೈಲು ತೆರೆಯಬಹುದು, ಇಲ್ಲದಿದ್ದರೆ ಇಲ್ಲ. ನಮಗೆ ತೆರೆಯಲಿಲ್ಲ. ಇನ್ನೊಂದು ಎಚ್ಚರಿಕೆ, ಈ ಕೋರಿಕೆ ಹಾಕಿ ಉತ್ತರಕ್ಕೆ ಕಾಯುತ್ತಾ ಕೂತರೆ ಕೋರ್ಟಿನ 60 ದಿನ ನಿಮಗಾಗಿ ಕಾಯುವುದಿಲ್ಲ.

ಕೊನೆಗೆ ಹೊಸದಾಗಿ ಅರ್ಜಿ. ಅಷ್ಟರಲ್ಲಿ ಅವಳ ವಯಸ್ಸು ಒಂದು ವರ್ಷ ಜಾಸ್ತಿಯಾಗಿತ್ತು. ಮದುವೆಯಾಗದವರಿಗೆ 33ನೇ ವಯಸ್ಸಿಗೆ 88 ಅಂಕ, 34ಕ್ಕೆ 83. ಒಂದು ಹುಟ್ಟುಹಬ್ಬಕ್ಕೆ ಐದು ಅಂಕ ಹೋಯಿತು. ಡ್ಯೂಟಿ ಮುಗಿಸಿ ಬಂದು ರಾತ್ರಿ ಓದಿ, ಮತ್ತೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದು 12 ಅಂಕ ಜಾಸ್ತಿ ಮಾಡಿಕೊಂಡಳು. ಕುವೈತ್‌ಗೆ ಆಮೇಲೆ ಹೋಗಿರಲಿಲ್ಲವಾದ್ದರಿಂದ ಆ ಸರ್ಟಿಫಿಕೇಟ್ ಮತ್ತೆ ತರಬೇಕಾಗಲಿಲ್ಲ. ನಮ್ಮ ದೇಶದ್ದನ್ನು ಮಾತ್ರ ಹೊಸದಾಗಿ ತೆಗೆಸಿದೆವು. ಈಗ ಅವಳು ಅಲ್ಲಿದ್ದಾಳೆ.

ಬೇರೆ ದೇಶಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ 14ರಿಂದ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯುನಲ್ ಎಂಬ ಹೊಸ ವ್ಯವಸ್ಥೆ ಇದೆ. ಅದು ಹೊಸ ಕಾಗದ ನೋಡುವ ಬಾಗಿಲು. ಆದರೆ ಎಲ್ಲ ವೀಸಾಕ್ಕೂ ಆ ಹಕ್ಕಿಲ್ಲ. ಇದೆಯೋ ಇಲ್ಲವೋ ಎಂದು ತಿರಸ್ಕಾರದ ಪತ್ರದಲ್ಲೇ ಬರೆದಿರುತ್ತದೆ. ಫೀ 3,000 ಡಾಲರಿಗೂ ಜಾಸ್ತಿ, ಗೆದ್ದರೆ ಅರ್ಧ ವಾಪಸ್ ಬರುತ್ತದೆ. ಅಮೆರಿಕದ ಇಮಿಗ್ರಂಟ್ ವೀಸಾ ಇಂಟರ್‌ವ್ಯೂನಲ್ಲಿ ಪೊಲೀಸ್ ಸರ್ಟಿಫಿಕೇಟ್ ಇಲ್ಲದಿದ್ದರೆ ಅಲ್ಲಿಯ ಕಾನೂನಿನ ಕಲಮು 221(ಜಿ) ಎಂದು ಬರೆದ ಕಾಗದ ಕೊಡುತ್ತಾರೆ. ಅದನ್ನು ನೋಡಿ ಎಲ್ಲ ಮುಗಿಯಿತು ಎಂದು ಅಳುತ್ತಾ ಬಂದವರನ್ನು ಕಂಡಿದ್ದೇನೆ. ಅದೂ ತಿರಸ್ಕಾರವೇ. ಆದರೆ ಬಿಟ್ಟುಹೋದ ಕಾಗದ ಕೊಡಲು ಒಂದು ವರ್ಷ ಇರುತ್ತದೆ. ಅಪೀಲು ಬೇಕಿಲ್ಲ, ಕಾಗದ ಬೇಕು.

ಈಗ ಫೈಲಿಗೆ ಏನು ಹಾಕಬೇಕು ಎಂಬ ವಿಷಯ. ಸರ್ಟಿಫಿಕೇಟ್ ಸಮಯಕ್ಕೆ ಸಿಗದಿದ್ದರೆ ಅದರ ಜಾಗದಲ್ಲಿ ಒಂದು ವಿವರಣೆ ಪತ್ರ ಹೋಗಬೇಕು. ಅದರಲ್ಲಿ ಕಣ್ಣೀರು ಬೇಡ, ತಾರೀಕು ಬೇಕು. ಯಾವ ದಿನ ಅರ್ಜಿ ಕೊಟ್ಟೆ, ಯಾವ ದಿನ ಬೆರಳಚ್ಚು ತೆಗೆಸಿದೆ, ಯಾವ ದಿನ ಕೊರಿಯರ್ ಮಾಡಿದೆ, ಯಾವ ದಿನ ವಾಪಸ್ ಬಂತು, ಇನ್ನೆಷ್ಟು ದಿನ ಬೇಕು. ಒಂದೊಂದು ತಾರೀಕಿಗೂ ಒಂದೊಂದು ಪುರಾವೆ. ರಸೀದಿ, ಇಮೇಲ್, ಹಾಳಾದ ಕಾರ್ಡಿನ ಫೋಟೊ, ಏನಿದೆಯೋ ಅದು. ಅರಬ್ಬಿಯಲ್ಲಿ ಇರುವುದಕ್ಕೆ ಭಾಷಾಂತರ. ನಮ್ಮ ಕೇರಿಯ ಹುಡುಗನೊಬ್ಬ ಸೌದಿಯಲ್ಲಿದ್ದು ಬಂದವನು. ಅವನಿಗೂ ಇದೇ ತೊಂದರೆ ಆದಾಗ ಹೀಗೇ ಎರಡು ಪುಟದ ಪತ್ರ ಮಾಡಿದೆವು, ಹಿಂದೆ 11 ರಸೀದಿ. ಅವನಿಗೆ ಇನ್ನೂ 60 ದಿನ ಕೊಟ್ಟರು. ಎಲ್ಲರಿಗೂ ಕೊಡುತ್ತಾರೆ ಎಂದು ನಾನು ಹೇಳುವುದಿಲ್ಲ. ಕೊಡದಿದ್ದರೂ ಆ ಪತ್ರ ಫೈಲಿನಲ್ಲಿ ಕೂತಿರುತ್ತದೆ. ನಾಳೆ ಕೋರ್ಟಿನಲ್ಲಿ ತೋರಿಸಲು ಏನಾದರೂ ಇರುತ್ತದೆ.

ನಮ್ಮ ದೇಶದ ಸರ್ಟಿಫಿಕೇಟ್ ಬಗ್ಗೆಯೂ ಗೊಂದಲ ಇದೆ. ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಕೊಡುವುದು ಪಾಸ್‌ಪೋರ್ಟ್ ಕಚೇರಿ. ಫೀ 500 ರೂಪಾಯಿ. ಕೆಲಸಕ್ಕೆ ಸೇರುವಾಗ ಪೊಲೀಸರಿಂದ ತೆಗೆಸುವ ವೆರಿಫಿಕೇಶನ್ ಕಾಗದ ಬೇರೆ, ಇದು ಬೇರೆ. ಎರಡರಲ್ಲೂ ಪೊಲೀಸ್ ಎಂಬ ಶಬ್ದ ಇರುವುದರಿಂದ ಜನ ಇದನ್ನು ಬಿಟ್ಟು ಅದನ್ನು ಏರಿಸುತ್ತಾರೆ. ಪಿಸಿಸಿಗೆ ಅರ್ಜಿ ಹಾಕುವಾಗ ಯಾವ ದೇಶಕ್ಕೆ ಎಂದು ಕೇಳುತ್ತಾರೆ. ಕುವೈತ್‌ಗೆಂದು ಹಿಂದೆ ತೆಗೆಸಿದ್ದು ಕೆನಡಾಕ್ಕೆ ಆಗುವುದಿಲ್ಲ. ಮೊದಲು ಇದಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೇ ಹೋಗಬೇಕಿತ್ತು. 2022ರ ಸೆಪ್ಟೆಂಬರ್‌ನಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಆಗುತ್ತದೆ. ದೇಶದಲ್ಲಿ ಅಂಥ ಕೇಂದ್ರ ಮೊದಲು ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು, 2017ರಲ್ಲಿ.

ಇನ್ನು ಹೆಸರು. ನಮ್ಮ ಕಡೆಯ ಇನಿಷಿಯಲ್‌ಗಳು ಗೊತ್ತಲ್ಲ. ಮಾರ್ಕ್ಸ್‌ಕಾರ್ಡ್‌ನಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಊರ ಹೆಸರು, ಅಪ್ಪನ ಹೆಸರು. ಗಲ್ಫ್‌ನಲ್ಲಿ ಅದನ್ನು ಅರಬ್ಬಿಗೆ ಬರೆದು, ಅಲ್ಲಿಂದ ಮತ್ತೆ ಇಂಗ್ಲಿಷಿಗೆ ತಂದಾಗ ಇನ್ನೊಂದು ರೂಪ. ಸರ್ಟಿಫಿಕೇಟ್ ಇದ್ದೂ ಅದು ನಿಮ್ಮದೇ ಎಂದು ಕಾಣದಿದ್ದರೆ ಇಲ್ಲದಂತೆಯೇ ಲೆಕ್ಕ. ಎಲ್ಲ ಹೆಸರೂ ಒಬ್ಬರದ್ದೇ ಎಂದು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿ ಮೊದಲೇ ಸೇರಿಸಿ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಸರ್ಟಿಫಿಕೇಟ್ ತರುವುದು ಕಷ್ಟ ಎಂದು ಆ ದೇಶದಲ್ಲಿ ಇದ್ದದ್ದನ್ನೇ ಅರ್ಜಿಯಲ್ಲಿ ಮುಚ್ಚಿಡುವುದು. "ಎರಡು ವರ್ಷ ತಾನೇ, ಬರೆಯೋದು ಬೇಡ ಮಾರಾಯ್ರೆ" ಎಂದು ಹೇಳುವವರು ಇದ್ದಾರೆ. ಕಾಗದ ಇಲ್ಲದ್ದಕ್ಕೆ ತಿರಸ್ಕಾರವಾದರೆ ನಾಳೆಯೇ ಮತ್ತೆ ಅರ್ಜಿ ಹಾಕಬಹುದು. ಸುಳ್ಳು ಹೇಳಿದ್ದು ಸಿಕ್ಕಿಬಿದ್ದರೆ ಕೆನಡಾಕ್ಕೆ ಐದು ವರ್ಷ ಹೋಗುವ ಹಾಗಿಲ್ಲ. ಹೀಗೆ ಹೇಳಿಕೊಡುವವರ ಹತ್ತಿರ ಅವರ ಲೈಸೆನ್ಸ್ ನಂಬರ್ ಕೇಳಿ. ದುಡ್ಡು ತೆಗೆದುಕೊಂಡು ಕೆನಡಾದ ಅರ್ಜಿಗೆ ಸಲಹೆ ಕೊಡುವವರು ಅಲ್ಲಿಯ ವಕೀಲರಾಗಿರಬೇಕು, ಇಲ್ಲವೇ ಅಲ್ಲಿಯ ಕನ್ಸಲ್ಟೆಂಟರ ಕಾಲೇಜಿನಲ್ಲಿ (ಪಾಠ ಹೇಳುವ ಕಾಲೇಜಲ್ಲ, ಸಲಹೆಗಾರರಿಗೆ ಲೈಸೆನ್ಸ್ ಕೊಡುವ ಸಂಸ್ಥೆ) ನೋಂದಾಯಿಸಿಕೊಂಡಿರಬೇಕು. ಅವರ ಪಟ್ಟಿ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಾವು ಆವತ್ತು ನೋಡಿರಲಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಹೆಂಗಸೊಬ್ಬರು ಎದ್ದು ನಿಂತರು. ಮಗ ಕುವೈತ್‌ನಲ್ಲಿ ಏಳು ವರ್ಷದಿಂದ ಇದ್ದಾನೆ, ಮುಂದಿನ ತಿಂಗಳು ಕೆಲಸ ಬಿಟ್ಟು ಬರುತ್ತಾನೆ ಎಂದರು. "ಅಲ್ಲಿಂದಲೇ ಸರ್ಟಿಫಿಕೇಟ್ ತಂದರೆ ಸಾಕಾಗುತ್ತದಾ ಮೇಡಂ?"

ತರಲಿ, ಆದರೆ ಅದನ್ನೇ ನಂಬಿ ಕೂರಬೇಡಿ ಎಂದೆ. ಹೊರಡುವ ಮುಂಚೆ ಕೊಟ್ಟದ್ದು ಎಂದು ಕೆನಡಾದವರು ಹೊಸದನ್ನು ಕೇಳಬಹುದು. ಆದಷ್ಟು ಕೊನೆಯ ದಿನಗಳಲ್ಲಿ ತೆಗೆಸಲಿ, ಹೊರಟ ದಿನದ ಪಾಸ್‌ಪೋರ್ಟ್ ಮೊಹರಿನ ಪ್ರತಿ ಜೊತೆಗಿಟ್ಟುಕೊಳ್ಳಲಿ. ಮುಂದೆ ಇಲ್ಲಿಂದ ಅರ್ಜಿ ಹಾಕಬೇಕಾದರೆ ಅಲ್ಲಿ ಕಚೇರಿಗೆ ಹೋಗಿ ಬರುವವರು ಯಾರು ಎಂದು ಈಗಲೇ ಮಾತಾಡಿಕೊಳ್ಳಲಿ. ಸಿವಿಲ್ ಐಡಿ ರದ್ದಾಗುವ ಮುಂಚೆ ಅದರ ಎರಡೂ ಬದಿಯ ಫೋಟೊ ಚೆನ್ನಾಗಿ ತೆಗೆದು ಕಳಿಸಲಿ.

"ಎರಡೂ ಬದಿಯಾ?"

"ಹೌದಮ್ಮಾ, ಎರಡೂ."

ಹಾಲ್‌ನಲ್ಲಿ ಚಹಾ ಕೊಡಲು ಶುರು ಮಾಡಿದ್ದರು. ಅವರು ಲೋಟ ಅಲ್ಲೇ ಇಟ್ಟು, ಫೋನ್ ಕಿವಿಗಿಟ್ಟುಕೊಂಡು ಜಗಲಿಗೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಫೋನ್ ನನ್ನ ಮುಂದೆ ಹಿಡಿದರು. ಕಾರ್ಡಿನ ಮುಂಭಾಗ ಬಂದಿತ್ತು, ಹಿಂಭಾಗ ಇನ್ನೂ ಲೋಡ್ ಆಗುತ್ತಿತ್ತು.